ನೇರಲ ಬೀಜದ ಪುಡಿ: ಪೊಟ್ಟಣದ ಮೇಲೆ ಏನು ಬರೆಯೋಣ?

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊರಗೆ ಮಿರಗದ ಮಳೆ ಹಿಡಿದಿದೆ. ಹೊಲದ ಕೆಲಸ ಬಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ, ಎರಡು ಬಸ್ಸು ಬದಲಿಸಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ನಿಮ್ಮ ಸಮಯ ಹಾಳು ಮಾಡದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ದಿನಗಳಲ್ಲಿ ಧಾರವಾಡದ ಸೂಪರ್ ಮಾರ್ಕೆಟ್ಟಿಗೆ ಹೋಗಲಿ, ಹುಬ್ಬಳ್ಳಿಯ ಜನತಾ ಬಜಾರಕ್ಕೆ ಹೋಗಲಿ, ನೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳು ಕಾಣುತ್ತಾರೆ. ಕಲಘಟಗಿ, ಅಳ್ನಾವರದ ಕಡೆ ಹೊಲದ ಬದುವಿನಲ್ಲೂ ಅಡವಿಯ ಅಂಚಿನಲ್ಲೂ ಈ ಮರ ಇದೆ. ಹಣ್ಣು ತಿಂದ ಮಕ್ಕಳ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಬೀಜವನ್ನು ಮಾತ್ರ ಎಲ್ಲರೂ ಉಗುಳಿ ಬಿಡುತ್ತಾರೆ. ಆ ಬೀಜದ ಬಗ್ಗೆಯೇ ಇವತ್ತಿನ ನನ್ನ ಮಾತು.

ಹೋದ ತಿಂಗಳು ನಮ್ಮ ಒಂದು ಸಂಘದವರು ಠರಾವು ಬರೆದು ತಂದಿದ್ದರು. ನೇರಲ ಬೀಜ ಕೂಡಿಸಿ, ಒಣಗಿಸಿ, ಪುಡಿ ಮಾಡಿ ಮಾರಬೇಕು, ಅದಕ್ಕೆ ಸಣ್ಣ ಗಿರಣಿ ಕೊಳ್ಳಲು ಬ್ಯಾಂಕಿನ ಸಾಲ ಬೇಕು ಎಂದು. ಒಳ್ಳೆಯ ವಿಚಾರ. ಉಗುಳಿದ ಬೀಜದಿಂದ ನಾಲ್ಕು ಕಾಸು ಮಾಡುವ ಬುದ್ಧಿ ನಮ್ಮ ಹೆಣ್ಣುಮಕ್ಕಳಿಗೆ ಬಂತಲ್ಲ ಎಂದು ಸಂತೋಷಪಟ್ಟೆ. ಆಮೇಲೆ ಪೊಟ್ಟಣದ ನಮೂನೆ ತೋರಿಸಿದರು. ಅದರ ಮೇಲೆ ಹೀಗೆ ಬರೆದಿತ್ತು: "ಸಕ್ಕರೆ ಕಾಯಿಲೆಗೆ ರಾಮಬಾಣ. ಗುಳಿಗೆ ಬೇಡ, ಇಂಜೆಕ್ಷನ್ ಬೇಡ."

ನಾನು ಅವತ್ತು ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಆ ಸಂಘದ ಅಕ್ಕಂದಿರಿಗೆ ಬೇಸರವಾಯಿತು. "ಸಿಸ್ಟರ್ ಯಾಕೋ ನಮ್ಮ ಕೆಲಸಕ್ಕ ಅಡ್ಡಗಾಲ ಹಾಕಾಕತ್ತಾರ" ಎಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಬೇಸರ ಸಹಜ. ಯಾಕೆ ಸಹಿ ಹಾಕಲಿಲ್ಲ ಎಂಬುದನ್ನು ಎಲ್ಲರ ಮುಂದೆ ಹೇಳಬೇಕಾದದ್ದು ನನ್ನ ಕರ್ತವ್ಯ.

ಮೊದಲು ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ಸಂಘಗಳ ವಸ್ತುಗಳ ಮಾರಾಟ ಮೇಳ ಇತ್ತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಹಪ್ಪಳ, ಸಂಡಿಗೆ ಇವುಗಳ ನಡುವೆ ಒಂದು ಸಂಘದವರು ನೇರಲ ಬೀಜದ ಪುಡಿಯನ್ನೂ ಇಟ್ಟಿದ್ದರು. ಯಾರೂ ಕೊಳ್ಳುತ್ತಿರಲಿಲ್ಲ. ಅವರ ಮುಖ ಸಪ್ಪಗಾದದ್ದು ನೋಡಿ ನಾನೇ ಮೈಕು ಹಿಡಿದು, "ಶುಗರ್ ಇದ್ದವರಿಗೆ ಬಹಳ ಒಳ್ಳೆಯದು, ನಮ್ಮ ಅಜ್ಜಿಯ ಕಾಲದ ಔಷಧಿ, ತೆಗೆದುಕೊಳ್ಳಿ" ಎಂದು ಹೇಳಿದೆ. ಸಂಜೆಯೊಳಗೆ ಎಲ್ಲ ಪೊಟ್ಟಣ ಖಾಲಿ. ಅವರಿಗೂ ಖುಷಿ, ನನಗೂ ಖುಷಿ.

ಅವತ್ತು ಕೊಂಡವರಲ್ಲಿ ಒಬ್ಬ ಅಕ್ಕ ನನಗೆ ಪರಿಚಯದವರು. ಮನೆಗೆಲಸ ಮಾಡಿ ಸಂಸಾರ ತೂಗಿಸುವವರು. ಏಳೆಂಟು ತಿಂಗಳಾದ ಮೇಲೆ ಅವರನ್ನು ಆಸ್ಪತ್ರೆಯಲ್ಲಿ ನೋಡಿದೆ. ಬಲಗಾಲಿಗೆ ದೊಡ್ಡ ಪಟ್ಟಿ. ಚಪ್ಪಲಿ ಕಚ್ಚಿದ ಗಾಯ ಮಾಯದೆ ಕೊಳೆತು, ಎರಡು ಬೆರಳು ತೆಗೆದಿದ್ದರು. ಸಕ್ಕರೆ ವಿಪರೀತ ಏರಿತ್ತು. "ಗುಳಿಗಿ ನುಂಗಾಕತ್ತಿದ್ದಿಲ್ಲೇನಕ್ಕಾ?" ಎಂದು ಕೇಳಿದೆ.

"ಬಿಟ್ಟಿದ್ದೆರಿ ಸಿಸ್ಟರ್. ನೀವ ಹೇಳಿದ್ರಲ್ರಿ, ನೇರಲ ಬೀಜದ ಪುಡಿ ಚಲೋ ಅಂತ."

ನನ್ನ ಮೇಲೆ ಸಿಟ್ಟಿನಿಂದ ಹೇಳಿದ ಮಾತಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಆದರೆ ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಇದೆ. ಗುಳಿಗೆ ಬಿಡಿ ಎಂದು ನಾನು ಹೇಳಿರಲಿಲ್ಲ, ನಿಜ. ಬಿಡಬೇಡಿ ಎಂದೂ ಹೇಳಿರಲಿಲ್ಲ. ನನಗೆ ಗೊತ್ತಿಲ್ಲದ ವಿಷಯವನ್ನು ಗೊತ್ತಿದ್ದವಳ ಹಾಗೆ ಮೈಕಿನಲ್ಲಿ ಹೇಳಿದೆ. ಆಮೇಲೆಯೇ ಈ ಬೀಜದ ಬಗ್ಗೆ ಓದಿದೆ, ವೈದ್ಯರನ್ನು ಕೇಳಿದೆ, ಔಷಧ ವಿಜ್ಞಾನ ಕಲಿಸುವವರನ್ನು ಕೇಳಿದೆ. ತಿಳಿದದ್ದನ್ನು ನಿಮಗೆ ಹೇಳುತ್ತೇನೆ.

ಅಜ್ಜಿ ಹೇಳಿದ್ದು ಸುಳ್ಳೇ?

ಸುಳ್ಳಲ್ಲ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಿಸ್ಟರ್ ನಮ್ಮ ಹಿರಿಯರನ್ನು ಹೀಗಳೆಯುತ್ತಾರೆ ಎಂದುಕೊಳ್ಳುತ್ತೀರಿ. ಆಯುರ್ವೇದದಲ್ಲಿ ನೇರಲೆಗೆ ಜಂಬೂ ಎಂದು ಹೆಸರು. ಭಾರತ ಸರ್ಕಾರ ಪ್ರಕಟಿಸಿರುವ ಆಯುರ್ವೇದ ಔಷಧ ಸಂಹಿತೆಯಲ್ಲಿ ಅದರ ಬೀಜಕ್ಕೂ ಸ್ಥಾನ ಇದೆ. ನಮ್ಮ ದೇಶದವರಷ್ಟೇ ಅಲ್ಲ, 19ನೇ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರೂ ಈ ಬೀಜವನ್ನು ತರಿಸಿಕೊಂಡು ಸಕ್ಕರೆ ಕಾಯಿಲೆಗೆ ಕೊಟ್ಟು ನೋಡಿದ್ದರು. ಆಗಿನ್ನೂ ಇನ್ಸುಲಿನ್ ಇರಲಿಲ್ಲ.

ಹಾಗಾದರೆ ಅಜ್ಜಿ ಹೇಳಿದ ಮೇಲೆ ಪರೀಕ್ಷೆ ಯಾಕೆ ಬೇಕು? ನಾವು ಸಂಘದಲ್ಲಿ ಸಾಲ ಕೊಡುವಾಗ ಏನು ಮಾಡುತ್ತೇವೆ? "ಅಕಿ ಚಲೋ ಹೆಣ್ಣಮಗಳು, ನಂಬಿಗಸ್ಥಳು" ಎಂದು ಎಲ್ಲರೂ ಹೇಳಿದರೂ ಹಿಂದಿನ ಕಂತು ಕಟ್ಟಿದ್ದಾಳೋ ಇಲ್ಲವೋ ಪುಸ್ತಕ ತೆಗೆದು ನೋಡುತ್ತೇವೆ. ಅದು ಅವಳಿಗೆ ಮಾಡುವ ಅವಮಾನ ಅಲ್ಲ. ಎಲ್ಲರ ದುಡ್ಡು ಅದು, ನೋಡಲೇಬೇಕು. ಔಷಧಿಯ ಪರೀಕ್ಷೆಯೂ ಹಾಗೆಯೇ. ಅಲ್ಲಿ ಪಣಕ್ಕಿರುವುದು ಜೀವ.

ಇನ್ನೊಂದು ವಿಷಯ. ಅಜ್ಜಿಯ ಕಾಲದಲ್ಲಿ ರಕ್ತದ ಸಕ್ಕರೆ ಅಳೆಯುವ ಯಂತ್ರ ಇರಲಿಲ್ಲ. ಮೂತ್ರಕ್ಕೆ ಇರುವೆ ಮುತ್ತುವುದು ಕಡಿಮೆಯಾದರೆ ಗುಣ ಎಂದು ತಿಳಿಯುತ್ತಿದ್ದರು. ರಕ್ತದಲ್ಲಿ ಸಕ್ಕರೆ ಬಹಳ ಏರಿದಾಗ ಮಾತ್ರ ಅದು ಮೂತ್ರದಲ್ಲಿ ಇಳಿಯುತ್ತದೆ. ಅದಕ್ಕಿಂತ ಕೆಳಗಿದ್ದರೆ ಇರುವೆ ಬರುವುದಿಲ್ಲ, ಆದರೆ ಒಳಗೆ ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗುತ್ತಲೇ ಇರಬಹುದು.

ಬೀಜದ ಸಾರ ಎಂದರೆ ಏನು?

ವಿಜ್ಞಾನಿಗಳು ಪರೀಕ್ಷೆ ಮಾಡುವುದು ಹೆಚ್ಚಾಗಿ ಬೀಜದ ಸಾರವನ್ನು. ಚಹಾ ಪುಡಿಯನ್ನು ನೀರಿನಲ್ಲಿ ಕುದಿಸಿದರೆ ಬಣ್ಣ, ಒಗರು ನೀರಿಗೆ ಇಳಿಯುತ್ತದೆ, ಚರಟ ಸೋಸಿ ಚೆಲ್ಲುತ್ತೇವೆ. ಆ ಕಷಾಯವೇ ಚಹಾದ ಸಾರ. ಹಾಗೆಯೇ ಬೀಜದ ಪುಡಿಯನ್ನು ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ, ಸೋಸಿ, ಇಂಗಿಸುತ್ತಾರೆ. ನೀರಿಗೆ ಇಳಿಯುವ ಅಂಶ ಬೇರೆ, ಆಲ್ಕೋಹಾಲಿಗೆ ಇಳಿಯುವ ಅಂಶ ಬೇರೆ. ಆದ್ದರಿಂದ "ನೇರಲ ಬೀಜದ ಸಾರದಿಂದ ಸಕ್ಕರೆ ಇಳಿಯಿತು" ಎಂದು ಪತ್ರಿಕೆಯಲ್ಲಿ ಓದಿದರೆ, ಅದು ನೀವು ಒಳ್ಳಿನಲ್ಲಿ ಕುಟ್ಟಿದ ಪುಡಿಯ ಮಾತಲ್ಲ. ಎರಡೂ ಒಂದೇ ಎಂದು ತಿಳಿಯಬಾರದು.

ಸಾರದ ಶುದ್ಧತೆ ಎಷ್ಟು ಮುಖ್ಯ ಎಂಬುದಕ್ಕೆ ಇನ್ಸುಲಿನ್ ಕಥೆಯನ್ನೇ ಕೇಳಿ. 1922ರ ಜನವರಿ 11ರಂದು ಕೆನಡಾ ದೇಶದ ಟೊರಾಂಟೊ ಊರಿನಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದರು. ಹುಡುಗ ಸಾಯುವ ಸ್ಥಿತಿಯಲ್ಲಿದ್ದ. ಆ ಸಾರ ಶುದ್ಧವಾಗಿರಲಿಲ್ಲ. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ, ಚುಚ್ಚಿದ ಜಾಗ ಬಾತಿತು. ನಿಲ್ಲಿಸಿದರು. ಕಾಲಿಪ್ ಎಂಬ ರಸಾಯನ ವಿಜ್ಞಾನಿ ಹಗಲು ರಾತ್ರಿ ಕೂತು ಅದನ್ನು ಶುದ್ಧ ಮಾಡಿದರು. 12 ದಿನ ಬಿಟ್ಟು, ಜನವರಿ 23ರಂದು, ಮತ್ತೆ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು, ಅವನು ಚೇತರಿಸಿಕೊಂಡ. ವಸ್ತು ಅದೇ, ಗ್ರಂಥಿ ಅದೇ. ವ್ಯತ್ಯಾಸ ಇದ್ದದ್ದು ತಯಾರಿಸುವ ಕ್ರಮದಲ್ಲಿ.

ಇಲಿಯಿಂದ ಮನುಷ್ಯರವರೆಗೆ

ಒಂದು ಬೀಜ ಔಷಧಿಯಾಗಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಮೊದಲನೆಯದು, ಬೀಜ ಯಾವ ಗಿಡದ್ದು ಎಂದು ಖಚಿತ ಮಾಡುವುದು. ಎರಡನೆಯದು, ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ನೋಡುವುದು. ನೇರಲ ಬೀಜದ ಸಾರವು ಪಿಷ್ಟ ಒಡೆದು ಸಕ್ಕರೆಯಾಗುವ ಕೆಲಸವನ್ನು ನಿಧಾನ ಮಾಡುತ್ತದೆ ಎಂದು ಇಂಥ ಪರೀಕ್ಷೆಗಳಲ್ಲಿ ಕಂಡಿದೆ. ಮೂರನೆಯದು, ಇಲಿಗಳ ಮೇಲೆ ಪರೀಕ್ಷೆ. ನಾಲ್ಕನೆಯದು, ಮನುಷ್ಯರ ಮೇಲೆ.

ಮೂರನೆಯ ಮೆಟ್ಟಿಲಿನ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ತಮಿಳುನಾಡಿನ ಚಿದಂಬರದ ಹತ್ತಿರ ಅಣ್ಣಾಮಲೈ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿಜ್ಞಾನಿಗಳು 1998ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಇಲಿಗಳಿಗೆ ಒಂದು ರಾಸಾಯನಿಕ ಕೊಟ್ಟು ಸಕ್ಕರೆ ಕಾಯಿಲೆ ಬರುವಂತೆ ಮಾಡಿದರು. ಆಮೇಲೆ ಆರು ವಾರ ನೇರಲ ಬೀಜದ ನೀರಿನ ಸಾರ ಕೊಟ್ಟರು. ದೇಹದ ತೂಕದ ಒಂದು ಕಿಲೋಗೆ ಎರಡೂವರೆ ಗ್ರಾಂ ಕೊಟ್ಟವುಗಳಲ್ಲೂ 5 ಗ್ರಾಂ ಕೊಟ್ಟವುಗಳಲ್ಲೂ ಸಕ್ಕರೆ ಚೆನ್ನಾಗಿ ಇಳಿಯಿತು. ಏಳೂವರೆ ಗ್ರಾಂ ಕೊಟ್ಟವುಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ಇದರಲ್ಲಿ ನಮಗೆ ಎರಡು ಪಾಠ ಇವೆ. ಒಂದು, ಹೆಚ್ಚು ತಿಂದರೆ ಹೆಚ್ಚು ಗುಣ ಎಂಬ ಲೆಕ್ಕ ಔಷಧಿಗೆ ನಡೆಯುವುದಿಲ್ಲ. ಎರಡನೆಯದು ಅಳತೆಯ ಮಾತು. ಕಿಲೋಗೆ 5 ಗ್ರಾಂ ಎಂದರೆ 60 ಕಿಲೋ ತೂಕದ ಹೆಣ್ಣುಮಗಳಿಗೆ ಎಷ್ಟಾಯಿತು? ಲೆಕ್ಕ ಬರೆಯುವ ಅಕ್ಕಂದಿರು ಹೇಳಿ. ಹೌದು, 300 ಗ್ರಾಂ! ಇಲಿಯ ಅಳತೆಯನ್ನು ಮನುಷ್ಯರಿಗೆ ಹಾಗೆಯೇ ಹೊಂದಿಸುವುದಿಲ್ಲ, ವಿಜ್ಞಾನಿಗಳು ಅದನ್ನು ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ. ಹಾಗೆ ಇಳಿಸಿದರೂ 50 ಗ್ರಾಂ. ಅಷ್ಟು ತಿನ್ನಿರಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ನಾವು ಮಾರುವ ಪುಡಿಯ ಒಂದು ಚಮಚಕ್ಕೂ ಆ ಇಲಿಗಳು ಕುಡಿದ ಸಾರಕ್ಕೂ ಸಂಬಂಧ ಕಟ್ಟುವುದು ಸುಲಭವಲ್ಲ ಎಂದು ಹೇಳುತ್ತಿದ್ದೇನೆ.

ಇನ್ನು ನಾಲ್ಕನೆಯ ಮೆಟ್ಟಿಲು. ಇಲ್ಲಿ ಒಂದು ವಿಶೇಷ ಕ್ರಮ ಇದೆ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಪುಡಿ, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ, ಔಷಧಿ ಇಲ್ಲದ ಪುಡಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಯಾಕೆ ಇಷ್ಟು ಗುಟ್ಟು? ಹೊಸ ಔಷಧಿ ಶುರು ಮಾಡಿದ ದಿನದಿಂದ ನಾವು ಸಿಹಿ ಕಡಿಮೆ ಮಾಡುತ್ತೇವೆ, ನಡೆಯಲು ಹೋಗುತ್ತೇವೆ, ಮನಸ್ಸಿಗೂ ಧೈರ್ಯ ಬರುತ್ತದೆ. ಸಕ್ಕರೆ ಇಳಿದರೆ ಅದು ಪುಡಿಯಿಂದಲೋ, ನಡಿಗೆಯಿಂದಲೋ ಎಂದು ಹೇಗೆ ತಿಳಿಯಬೇಕು? ಎರಡೂ ಗುಂಪು ಒಂದೇ ರೀತಿ ನಡೆದುಕೊಂಡಾಗ ಉಳಿಯುವ ವ್ಯತ್ಯಾಸ ಮಾತ್ರ ಪುಡಿಯದ್ದು.

ಇಂಥ ಪರೀಕ್ಷೆ ನೇರಲೆಯ ಮೇಲೆ ಆಗಿದೆಯೇ? ಆಗಿದೆ. ಬ್ರೆಜಿಲ್ ದೇಶದಲ್ಲೂ ಜನ ಈ ಮರದ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆ. ಅಲ್ಲಿನ ವೈದ್ಯರು ಅದನ್ನು ಪರೀಕ್ಷಿಸಿ 2006ರಲ್ಲಿ ಫಲ ಪ್ರಕಟಿಸಿದರು. ಸಕ್ಕರೆ ಗುಳಿಗೆ ನುಂಗಿದವರಿಗೆ ಸಕ್ಕರೆ ಇಳಿಯಿತು, ಎಲೆಯ ಕಷಾಯ ಕುಡಿದವರಿಗೆ ಇಳಿಯಲಿಲ್ಲ. ಆದರೆ ಅದು ಎಲೆ, ಬೀಜವಲ್ಲ. ಬೀಜದ ಪುಡಿಯನ್ನು ನಮ್ಮ ದೇಶದ ರಾಜಸ್ಥಾನದ ಬಿಕಾನೇರಿನಲ್ಲಿ ವೈದ್ಯರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಸುಮಾರು ನೂರು ಮಂದಿ, ದಿನಕ್ಕೆ 10 ಗ್ರಾಂ ಪುಡಿ, ಮೂರು ತಿಂಗಳು. ಪುಡಿ ತೆಗೆದುಕೊಂಡವರ ಬರಿ ಹೊಟ್ಟೆಯ ಸಕ್ಕರೆ ಇಳಿದದ್ದು ಕಂಡಿತು.

ಈಗ ನೀವು ಕೇಳಬಹುದು, "ಹಂಗಾದ್ರ ಇಳೀತಲ್ರಿ ಸಿಸ್ಟರ್, ಇನ್ನೇನ ಬೇಕು?" ಎಂದು.

ನೂರು ಮಂದಿ, ಮೂರು ತಿಂಗಳು. ಇದನ್ನು ನೆನಪಿಡಿ. ಈಗ ನಮ್ಮ ಸರ್ಕಾರಿ ದವಾಖಾನೆಯಲ್ಲಿ ಕೊಡುವ ಗುಳಿಗೆಗಳ ಕಡೆ ನೋಡೋಣ. ಇಂಗ್ಲೆಂಡಿನಲ್ಲಿ 1977ರಲ್ಲಿ ಶುರುವಾದ ಒಂದು ಪರೀಕ್ಷೆಯಲ್ಲಿ 5,000ಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 1998ರಲ್ಲಿ ಫಲ ಬಂತು. ಸಕ್ಕರೆ ಹತೋಟಿಯಲ್ಲಿಟ್ಟವರಿಗೆ ಕಣ್ಣು, ಕಿಡ್ನಿಯ ತೊಂದರೆ ಕಡಿಮೆ. ದಪ್ಪ ಮೈಯವರಲ್ಲಿ ಮೆಟ್‌ಫಾರ್ಮಿನ್ ಎಂಬ ಗುಳಿಗೆ ನುಂಗಿದವರಿಗೆ ಹೃದಯಾಘಾತವೂ ಕಡಿಮೆ. ನೇರಲ ಬೀಜದ ಪುಡಿ ಇಂಥ ಪರೀಕ್ಷೆಗೆ ಇನ್ನೂ ನಿಂತಿಲ್ಲ. ಮೂರು ತಿಂಗಳಲ್ಲಿ ಸಕ್ಕರೆಯ ಅಂಕಿ ಕಾಣಬಹುದು, ಕಾಲು ಉಳಿಯಿತೋ ಇಲ್ಲವೋ ಕಾಣುವುದಿಲ್ಲ. ಪೂರಕವಾಗಿ ಸ್ವಲ್ಪ ಸಹಾಯ ಮಾಡಬಹುದು ಎಂಬ ಭರವಸೆ ಇದೆ. "ಗುಳಿಗೆ ಬೇಡ" ಎನ್ನಲು ಆಧಾರ ಇಲ್ಲ.

ಮೆಟ್‌ಫಾರ್ಮಿನ್ ಗುಳಿಗೆಯ ವಂಶ

ನಮ್ಮಲ್ಲಿ ಒಂದು ಮಾತಿದೆ: "ಗುಳಿಗಿ ಅಂದ್ರ ಕೆಮಿಕಲ್, ಗಿಡಮೂಲಿಕಿ ಅಂದ್ರ ಅಪಾಯ ಇಲ್ಲ." ಈ ಮೆಟ್‌ಫಾರ್ಮಿನ್ ಗುಳಿಗೆಯ ಮೂಲ ಎಲ್ಲಿದೆ ಗೊತ್ತೇ? ಯುರೋಪಿನಲ್ಲಿ ಬೆಳೆಯುವ ಗಲೇಗ ಎಂಬ ಗಿಡದಲ್ಲಿ. ಅಲ್ಲಿನ ಹಳ್ಳಿಯವರು ಅದನ್ನು ಔಷಧಿಗೆ ಬಳಸುತ್ತಿದ್ದರು. ಅದರಲ್ಲಿ ಸಕ್ಕರೆ ಇಳಿಸುವ ಅಂಶ ಇದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಆದರೆ ಅದು ಹಾಗೇ ಕೊಟ್ಟರೆ ವಿಷ. ಆಮೇಲೆ ಅದೇ ಜಾತಿಯ, ಕಡಿಮೆ ಅಪಾಯದ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯರು ಮೆಟ್‌ಫಾರ್ಮಿನನ್ನು ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು.

ಅಂದರೆ ನೀವು ಬೇಡ ಎನ್ನುವ ಆ ಗುಳಿಗೆಯೂ ಯಾವುದೋ ದೇಶದ ಅಜ್ಜಿಯ ಗಿಡಮೂಲಿಕೆಯ ವಂಶದ್ದೇ. ಅದು ಎಲ್ಲ ಮೆಟ್ಟಿಲು ಹತ್ತಿ ಬಂದಿದೆ. ನಮ್ಮ ನೇರಲ ಬೀಜ ಇನ್ನೂ ಅರ್ಧ ದಾರಿಯಲ್ಲಿದೆ. ನಾಳೆ ಅದೂ ಹತ್ತಿ ಬರಬಹುದು. ನಮ್ಮ ಪಕ್ಕದ ಬೆಳಗಾವಿಯಲ್ಲೇ 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರ ಶುರುವಾಯಿತು. ಈಗ ಅದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ. ನಮ್ಮ ಗಿಡಮೂಲಿಕೆಗಳನ್ನು ಹೀಗೆ ಪರೀಕ್ಷೆ ಮಾಡುವುದೇ ಅದರ ಕೆಲಸ.

ಗಿಡದ್ದೆಲ್ಲ ಅಪಾಯವಿಲ್ಲ ಎಂಬುದೂ ತಪ್ಪು. ಸೀತಾಫಲದ ಬೀಜ ನಿಮಗೆಲ್ಲ ಗೊತ್ತು. ಹೇನು ಸಾಯಲಿ ಎಂದು ಅದರ ಪುಡಿಯನ್ನು ಮಕ್ಕಳ ತಲೆಗೆ ಹಚ್ಚುತ್ತೇವೆ. ಹೇನು ಸಾಯುತ್ತದೆ, ಅದು ನಿಜ. ಆದರೆ ತಲೆ ತೊಳೆಯುವಾಗ ಆ ನೀರು ಕಣ್ಣಿಗೆ ಇಳಿದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಸುಟ್ಟಂತಾಗಿ, ಉರಿ ತಡೆಯಲಾಗದೆ ಕಣ್ಣಿನ ಆಸ್ಪತ್ರೆಗೆ ಬಂದವರ ವರದಿಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಪ್ರಕಟಿಸಿದ್ದಾರೆ. ಒಂದು ಬೀಜಕ್ಕೆ ಹೇನು ಕೊಲ್ಲುವ ಶಕ್ತಿ ಇದ್ದರೆ, ಕಣ್ಣು ಸುಡುವ ಶಕ್ತಿಯೂ ಇರಬಹುದು. ಇನ್ನು ಮುಂದೆ ಅದನ್ನು ಹಚ್ಚಬೇಡಿ. ಒದ್ದೆ ಕೂದಲಿಗೆ ಸಣ್ಣ ಹಣಿಗೆ ಹಾಕಿ ಬಾಚಿ, ಇಲ್ಲವೇ ದವಾಖಾನೆಯಲ್ಲಿ ಕೇಳಿ.

ನೇರಲ ಪುಡಿಯಲ್ಲಿ ಎಚ್ಚರ ವಹಿಸಬೇಕಾದದ್ದು

ಒಂದು: ಸಕ್ಕರೆ ಗುಳಿಗೆಯ ಜೊತೆಗೆ ಹೇಳದೆ ಕೇಳದೆ ಪುಡಿಯನ್ನೂ ತಿಂದು, ಊಟ ತಪ್ಪಿಸಿದರೆ ಸಕ್ಕರೆ ಬಹಳ ಕೆಳಗೆ ಇಳಿಯುವ ಸಾಧ್ಯತೆ ಇದೆ. ಬೆವರು, ಕೈಕಾಲು ನಡುಕ, ಕಣ್ಣು ಕತ್ತಲೆ, ಏನೇನೋ ಮಾತಾಡುವುದು ಅದರ ಲಕ್ಷಣ. ತಕ್ಷಣ ಸಕ್ಕರೆ ನೀರೋ ಬೆಲ್ಲವೋ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಪುಡಿ ತಿನ್ನುತ್ತಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಎರಡು: ಹಣ್ಣು ಬರುವುದೂ ಮಳೆ ಬರುವುದೂ ಕೂಡಿಯೇ. ಬೀಜ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನ ವಿಷ ಲಿವರಿಗೆ ಕೆಟ್ಟದ್ದು, ಕುದಿಸಿದರೂ ಹೋಗುವುದಿಲ್ಲ. ಪುಡಿ ಮಾಡಿದ ಮೇಲೆ ಬೂಷ್ಟು ಕಣ್ಣಿಗೆ ಕಾಣುವುದೂ ಇಲ್ಲ.

ಮೂರು: ಊರೂರು ತಿರುಗಿ ಮಾರುವ ಹೆಸರಿಲ್ಲದ ಪುಡಿಗಳಿಂದ ಎಂಟೇ ದಿನದಲ್ಲಿ ಸಕ್ಕರೆ ಇಳಿದರೆ ಖುಷಿಪಡಬೇಡಿ, ಅನುಮಾನಪಡಿ. ಗಿಡಮೂಲಿಕೆ ಎಂದು ಹೇಳಿ ಒಳಗೆ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಹಾಕಿದ್ದು ಪ್ರಯೋಗಶಾಲೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ.

ನಾಲ್ಕು: ಸಕ್ಕರೆ ಅಳೆಸುವುದನ್ನು ಬಿಡಬೇಡಿ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೋಡುವ ಸಕ್ಕರೆ ಇವತ್ತು ಸಂಘದ ಪೆಟ್ಟಿಗೆಯಲ್ಲಿರುವ ನಗದಿನ ಹಾಗೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆ ಪಾಸ್‌ಬುಕ್ಕಿನ ಹಾಗೆ. ಒಂದು ದಿನದ ನಗದು ನೋಡಿ ಸಂಘ ಚೆನ್ನಾಗಿ ನಡೆದಿದೆ ಎಂದು ಹೇಳಲಾಗುತ್ತದೆಯೇ? ಪಾಸ್‌ಬುಕ್ಕನ್ನೂ ನೋಡಬೇಕು. 30 ದಾಟಿದವರೆಲ್ಲ ಆಶಾ ಕಾರ್ಯಕರ್ತೆಯರನ್ನು ಕೇಳಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಕೋಣೆಯಲ್ಲೂ ಕೆಲವರು ಇರಲೇಬೇಕು.

ನಿಮ್ಮ ಸಂಘಕ್ಕೆ ಯಾರಾದರೂ ಬಂದು "ಹೊಸ ಔಷಧಿ ಪರೀಕ್ಷೆ ಮಾಡುತ್ತೇವೆ, ಸೇರಿರಿ" ಎಂದರೆ ಹೆದರಲೂ ಬೇಡಿ, ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಲೂ ಬೇಡಿ. ನಿಮ್ಮ ಭಾಷೆಯಲ್ಲಿ ವಿವರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ನೈತಿಕ ಸಮಿತಿಯ ಅನುಮತಿ ಇರಬೇಕು. ಮನುಷ್ಯರ ಮೇಲಿನ ಇಂಥ ಪರೀಕ್ಷೆಗಳನ್ನು ದಾಖಲಿಸಲು 2007ರಿಂದ ಸರ್ಕಾರದ ನೋಂದಣಿ ವ್ಯವಸ್ಥೆಯೂ ಇದೆ, ಆ ಸಂಖ್ಯೆ ಕೇಳಿ. ನಡುವೆ ಬಿಟ್ಟು ಬರುವ ಹಕ್ಕು ನಿಮಗೆ ಇದೆ.

ಹಾಗಾದರೆ ಸಂಘದ ವ್ಯಾಪಾರ?

ಈಗ ಠರಾವಿಗೆ ಬರುತ್ತೇನೆ. "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ಪೊಟ್ಟಣದ ಮೇಲಿನ ಬರಹವೂ ಜಾಹೀರಾತೇ. ಕೇಸು ಬಿದ್ದರೆ ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಅಲೆಯಬೇಕು. ಆಯುರ್ವೇದ ಔಷಧಿ ಎಂದು ತಯಾರಿಸಿ ಮಾರಬೇಕಾದರೆ ಪ್ರತ್ಯೇಕ ಲೈಸೆನ್ಸ್ ಬೇಕು. ಆಹಾರ ಪದಾರ್ಥ ಮಾರಲು ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕು. ಇದು ಸಣ್ಣ ತಯಾರಕರಿಗೂ ಕಷ್ಟವಲ್ಲ, ನಾವು ಅರ್ಜಿ ತುಂಬಲು ಸಹಾಯ ಮಾಡುತ್ತೇವೆ.

ನನ್ನ ಸಲಹೆ ಹೀಗಿದೆ. ಹಣ್ಣಿನ ತಿರುಳಿನಿಂದ ಶರಬತ್ತು, ಜಾಮ್ ಮಾಡಿ ಆಹಾರವೆಂದು ಮಾರಿ. ಅದಕ್ಕೆ ಸಕ್ಕರೆ ಹಾಕಿರುತ್ತೀರಿ, ಆದ್ದರಿಂದ ಶುಗರ್ ಇದ್ದವರಿಗೆ ಅಲ್ಲ ಎಂದು ಬಾಯಿ ಬಿಟ್ಟು ಹೇಳಿ. ಬೀಜವನ್ನು ಎರಡು ಮೂರು ನೀರಿನಲ್ಲಿ ತೊಳೆದು, ನೆಲದ ಮೇಲೆ ಹರಡದೆ ಜಾಳಿಗೆಯ ಮಂಚದ ಮೇಲೆ ಗಾಳಿ ಆಡುವಂತೆ ಹರಡಿ, ಕಚ್ಚಿದರೆ ಕಟ್ ಎನ್ನುವ ಹಾಗೆ ಒಣಗಿಸಿ. ಬೂಷ್ಟು ಕಂಡ ಬೀಜ ಆರಿಸಿ ಚೆಲ್ಲಿ. ಹೀಗೆ ಒಣಗಿಸಿದ ಬೀಜವನ್ನು ಲೈಸೆನ್ಸ್ ಇರುವ ಆಯುರ್ವೇದ ಔಷಧಿ ತಯಾರಕರಿಗೆ ಮಾರಬಹುದು. ಪರೀಕ್ಷೆ, ಅಳತೆ, ಬರಹ ಎಲ್ಲದರ ಜವಾಬ್ದಾರಿ ಅವರದು. ಒಳ್ಳೆಯ ಬೀಜ ಕೊಡುವ ಜವಾಬ್ದಾರಿ ನಮ್ಮದು. ಗಿರಣಿಯ ಸಾಲ ಬೇಕಿಲ್ಲ, ಒಣಗಿಸುವ ಮಂಚಕ್ಕೆ ಸಂಘದ ಉಳಿತಾಯವೇ ಸಾಕಾಗಬಹುದು. ಕೊಳ್ಳುವವರು ಮೊದಲು ಗಟ್ಟಿಯಾಗಲಿ, ಆಮೇಲೆ ಬೀಜ ಕೂಡಿಸೋಣ.

ಪೊಟ್ಟಣದ ನಮೂನೆ ತಂದ ಅಕ್ಕಂದಿರೇ, "ರಾಮಬಾಣ" ಎಂದು ಬರೆಯದಿದ್ದರೆ ಮಾರಾಟ ಕಡಿಮೆಯಾಗುತ್ತದೆ ಎಂದು ನೀವು ಹೇಳಿದ್ದು ಸುಳ್ಳಲ್ಲ. ನಾನು ಮೈಕಿನಲ್ಲಿ ಹೇಳಿದಾಗ ಸಂಜೆಯೊಳಗೆ ಖಾಲಿಯಾದದ್ದು ನೋಡಿದ್ದೇನೆ. ಆ ದಿನದ ಲಾಭ ಪುಸ್ತಕದಲ್ಲಿ ಬರೆದಿದೆ. ಆ ಅಕ್ಕನ ಎರಡು ಬೆರಳು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅವರು ಈಗ ಮತ್ತೆ ಗುಳಿಗೆ ನುಂಗುತ್ತಾರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕಳೆದ ವಾರ ಸಿಕ್ಕಿದ್ದರು. ನೇರಲ ಹಣ್ಣು ತಿನ್ನಬಹುದೇ ಎಂದು ಕೇಳಿದರು. "ಒಂದ ಹಿಡಿ ತಿನ್ನಕ್ಕಾ, ಡಾಕ್ಟರಿಗೆ ಹೇಳು, ಗುಳಿಗಿ ಮಾತ್ರ ಬಿಡಬ್ಯಾಡ" ಎಂದೆ. ಮೊದಲೇ ಈ ಮಾತನ್ನು ಮೈಕಿನಲ್ಲಿ ಹೇಳಬೇಕಿತ್ತು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳದವರು ಎಷ್ಟು ಮಂದಿ? ಯಾವಾಗ ಕೂಡಿ ಹೋಗೋಣ?

2. ನಮ್ಮ ಮನೆಯಲ್ಲಿ, ಓಣಿಯಲ್ಲಿ ಗುಳಿಗೆ ಬಿಟ್ಟು ಪುಡಿ, ಕಷಾಯ ತೆಗೆದುಕೊಳ್ಳುವವರು ಇದ್ದಾರೆಯೇ? ಅವರನ್ನು ನೋಯಿಸದೆ ಹೇಗೆ ಮಾತಾಡಿಸುವುದು?

3. ನಮ್ಮ ಸಂಘ ಮಾರುವ ಪದಾರ್ಥಗಳ ಮೇಲೆ ಏನೇನು ಬರೆದಿದೆ? ಅದಕ್ಕೆಲ್ಲ ಆಧಾರ ಇದೆಯೇ?

4. ನೇರಲ ಬೀಜ ಒಣಗಿಸಲು ಮಳೆ ತಾಗದ ಜಾಗ ಊರಿನಲ್ಲಿ ಎಲ್ಲಿದೆ?